ಆ ಉದ್ಗಾರದ ಅರ್ಥ ನನಗೆ ಗೊತ್ತಿತ್ತು

ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು. ನನ್ನ ನಾದಿನಿ ಕಸ್ತೂರಿಯನ್ನು ನೋಡಲು ಬಂದ ಹುಡುಗ ಅವಳನ್ನು ಹತ್ತಿರದಿಂದ ಕಂಡೊಡನೆ 'ಯೈಕ್ಸ್!' ಎಂದ. ಆ ಮಾತಿನ ಅರ್ಥ ಅಲ್ಲಿ ಕೂತವರ ಪೈಕಿ ಗೊತ್ತಿದ್ದದ್ದು ಮೂವರಿಗೆ — ಅಂದ ಅವನಿಗೆ, ಪಕ್ಕದಲ್ಲಿದ್ದ ಅವನ ತಂಗಿಗೆ, ಮತ್ತು ನನಗೆ. ಉಳಿದವರೆಲ್ಲ ನನ್ನ ಬಾಯಿ ನೋಡಿದರು. ನಾನು ಸುಳ್ಳು ಹೇಳಿದೆ. ಒಂದೂವರೆ ವರ್ಷದ ಮೇಲೆ, ತುಂಬಿದ ಮನೆಯಲ್ಲಿ, ಹಾಗೆ ಹೇಳಿದವಳು ನಾನಲ್ಲವೇ ಅಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ಎರಡನೆಯದು ಮೊದಲನೆಯದಕ್ಕಿಂತ ನೀಚವಾದದ್ದು. ಎರಡನ್ನೂ ಇಲ್ಲಿ ಹೇಳುತ್ತೇನೆ.

ನಾನು ಶಿಗ್ಗಾಂವಿಯವಳು. ಮದುವೆಯಾಗಿ ಹಾನಗಲ್ಲಿಗೆ ಬಂದೆ. ಗಂಡ ಬಸವರಾಜರದು ಬೀಜ-ಗೊಬ್ಬರದ ಅಂಗಡಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವ್ಯಾಕರಣದಲ್ಲಿ ಉದ್ಗಾರಗಳ ಪಾಠ ಬಂದಾಗ ಪುಸ್ತಕದಲ್ಲಿರುವ ಹಳೆಯ ಮಾತುಗಳನ್ನು ಬಿಟ್ಟು, ಇಂದಿನ ಮಂದಿ ಆಡುವ ಮಾತುಗಳನ್ನೇ ಹೇಳಿಕೊಡುವುದು ನನ್ನ ರೂಢಿ. 'ವಾವ್' ಸಂತೋಷದ ಬೆರಗು. 'ಊಪ್ಸ್' ಕೈಜಾರಿ ಏನೋ ಬಿದ್ದಾಗ. 'ಗಾಶ್' ಕೇಳಿದ್ದನ್ನು ನಂಬಲಾಗದಿದ್ದಾಗ. 'ಓ ಮೈ ಗಾಡ್' — ಅದು ಎಲ್ಲ ಪಲ್ಯಕ್ಕೂ ಹಾಕುವ ಉಪ್ಪಿದ್ದ ಹಾಗೆ. ಇನ್ನು 'ಯೈಕ್ಸ್' — ಅದು ಹಿಂದೆ ಸರಿಯುವ ಬೆರಗು. ತಿನ್ನುವ ಅನ್ನದಲ್ಲಿ ಹುಳ ಕಂಡರೆ, ಚಪ್ಪಲಿಯೊಳಗೆ ಕಪ್ಪೆ ಕೂತಿದ್ದರೆ. ಇದನ್ನು ನಾನು ಮುಖ ಕಿವುಚಿ, ಹಿಂದಕ್ಕೆ ಜಿಗಿದು, ಅಭಿನಯ ಮಾಡಿ ತೋರಿಸುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆದ್ದರಿಂದ ತಿಳಿಯದೆ ಆಯಿತು, ಕಿವಿಗೆ ಸರಿಯಾಗಿ ಬೀಳಲಿಲ್ಲ — ಇಂಥ ನೆಪಗಳಾವುವೂ ನನಗೆ ಸಲ್ಲುವುದಿಲ್ಲ.

ಕಸ್ತೂರಿ ನನ್ನ ಗಂಡನ ಒಬ್ಬಳೇ ತಂಗಿ. ಹುಟ್ಟುವಾಗಲೇ ಅವಳ ಎಡಗಿವಿಯ ಕೆಳಗಿನಿಂದ ಕುತ್ತಿಗೆಯವರೆಗೆ ಒಂದು ಕೆನ್ನೀಲಿ ಮಚ್ಚೆ ಇತ್ತು. ಅಂಗೈಯಷ್ಟು ಅಗಲ. ಜಡೆಯನ್ನು ಯಾವಾಗಲೂ ಎಡಭುಜದ ಮೇಲೆ ಮುಂದಕ್ಕೆ ಹಾಕಿಕೊಳ್ಳುತ್ತಿದ್ದಳು. ಸೆಖೆಯ ದಿನಗಳಲ್ಲೂ ಸೆರಗನ್ನು ಕಿವಿಯವರೆಗೆ ಎಳೆದುಕೊಂಡೇ ಓಡಾಡುತ್ತಿದ್ದಳು. ನಾನು ಈ ಮನೆಗೆ ಬಂದಾಗ ಅವಳಿನ್ನೂ ಕಾಲೇಜಿಗೆ ಹೋಗುವ ಹುಡುಗಿ. 'ವೈನಿ, ವೈನಿ' ಎಂದು ನನ್ನ ಬೆನ್ನಿಗೇ ಇರುತ್ತಿದ್ದಳು. ನನ್ನ ಮಗಳು ಪಲ್ಲವಿ ಹುಟ್ಟಿದಾಗ ಬಾಣಂತಿಯಾದ ನನಗೆ ನೀರು ಹಾಕಿದವಳು ಅವಳು, ಕೂಸನ್ನು ಎದೆಗೊತ್ತಿಕೊಂಡು ಅಂಗಳದಲ್ಲಿ ತಿರುಗಾಡಿದವಳು ಅವಳು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ್ದಳು. ಇಂಗ್ಲಿಷಿನಲ್ಲಿ ಏನೇ ಬರಲಿ — ಔಷಧದ ಚೀಟಿ, ಟಿವಿಯಲ್ಲಿ ಆಡಿದ ಮಾತು — 'ವೈನಿ, ಹಂಗಂದ್ರೇನ್ರೀ?' ಎಂದು ನನ್ನನ್ನೇ ಕೇಳುತ್ತಿದ್ದಳು. ನಾನು ಹೇಳಿದ್ದೇ ಅವಳಿಗೆ ಅರ್ಥ.

ವರಗಳು ಬರತೊಡಗಿದವು. ಬಂದವರು ಹೋದರು. ಮಚ್ಚೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಜಾತಕ ಕೂಡಲಿಲ್ಲ, ಹುಡುಗ ಈಗಲೇ ಬೇಡ ಅನ್ನುತ್ತಾನೆ — ಹೀಗೆ ಏನೋ ಒಂದು. ಕೊನೆಗೆ ನಮ್ಮ ಅತ್ತೆ ಒಂದು ಉಪಾಯ ಹೇಳಿದರು: ಫೋಟೋ ಬಲಗಡೆಯಿಂದ ತೆಗೆಯಬೇಕು. ತೆಗೆದವಳು ನಾನು, ನನ್ನ ಮೊಬೈಲಿನಲ್ಲೇ. 'ಇನ್ನೊಂಚೂರು ಆ ಕಡೆ ತಿರುಗು' ಎಂದು ಅವಳ ಗದ್ದ ಹಿಡಿದು ತಿರುಗಿಸಿದ್ದು ನನ್ನ ಬೆರಳಿಗೆ ಇನ್ನೂ ನೆನಪಿದೆ. ಅವಳು ತಿರುಗಿದಳು.

ಇನ್ನೊಂದು ಮಾತು. ಇದನ್ನು ಹೇಳದಿದ್ದರೆ ಬರೆದದ್ದೆಲ್ಲ ಬೂಟಾಟಿಕೆಯಾಗುತ್ತದೆ. ನನಗೆ ಅವಳ ಕೋಣೆ ಬೇಕಾಗಿತ್ತು. ಮನೆಯಲ್ಲಿ ಸಂಜೆ ಟ್ಯೂಶನ್ ಹೇಳುತ್ತಿದ್ದೆ. ಮಕ್ಕಳು ಪಡಸಾಲೆಯಲ್ಲಿ ಕೂತರೆ ಅತ್ತೆಗೆ ಟಿವಿ ನೋಡಲು ಅಡ್ಡಿ, ದಿನವೂ ಕಿರಿಕಿರಿ. ಬೀದಿಯ ಕಡೆಗೆ ಬಾಗಿಲಿದ್ದ ಕಸ್ತೂರಿಯ ಕೋಣೆ ಖಾಲಿಯಾದರೆ — ಎಂದು ನಾನು ಎಷ್ಟೋ ಸಲ ಎಣಿಸಿದ್ದೆ. ಮನೆಯ ಮಗಳಿಗೆ ಒಳ್ಳೆಯದಾಗಲಿ ಎಂದು ದೇವರ ಮುಂದೆ ದೀಪ ಹಚ್ಚುವಾಗಲೂ ಕಣ್ಣ ಮುಂದೆ ಬರುತ್ತಿದ್ದದ್ದು ಆ ಕೋಣೆಯ ಗೋಡೆ. ಅದಕ್ಕೊಂದು ಕರಿಹಲಗೆ.

ಹಿರೇಕೆರೂರಿನಿಂದ ಬಂದ ಸಂಬಂಧವದು. ಹುಡುಗನ ಹೆಸರು ವಿನಯ. ತಂದೆಯೊಂದಿಗೆ ಅರಳೆ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಅವನೂ ಅವನ ತಂಗಿ ಶ್ರುತಿಯೂ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವರು. ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲೇ ಮಾತು. ಕಸ್ತೂರಿ ಚಹಾದ ತಾಟು ಹಿಡಿದು ಬಂದಳು. ಎಲ್ಲರಿಗೂ ಕೊಟ್ಟು, ಕೊನೆಗೆ ಅವನ ಮುಂದೆ ಬಾಗುವಾಗ ಜಡೆ ಹಿಂದಕ್ಕೆ ಜಾರಿತು, ಸೆರಗು ಸರಿಯಿತು. ಮಚ್ಚೆ ಅವನ ಕಣ್ಣೆದುರಿಗೇ ಬಂತು.

"ಯೈಕ್ಸ್!"

ಬೇಕೆಂದು ಅಂದದ್ದಲ್ಲ, ಬಾಯಿ ತಪ್ಪಿ ಬಂದದ್ದು ನಿಜ. ಆದರೆ ಗಟ್ಟಿಯಾಗಿಯೇ ಬಂತು. ಶ್ರುತಿ ಅವನ ಮೊಣಕಾಲು ಒತ್ತಿದಳು. ಕಸ್ತೂರಿ ತಾಟು ಹಿಡಿದುಕೊಂಡು ನಿಂತೇ ಇದ್ದಳು. ಹುಡುಗನ ತಂದೆ ಹಳೆಯ ಕಾಲದ ಮನುಷ್ಯ, ನಗುನಗುತ್ತಾ ನನ್ನ ಕಡೆ ತಿರುಗಿದರು.

"ಏನಂದ ಇಂವ? ಅಕ್ಕೋರ, ನೀವ ಇಂಗ್ಲಿಷ್ ಕಲಸವ್ರು, ಹೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ಕಸ್ತೂರಿಯೂ. ಅವಳ ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ — ಬರೀ ಪ್ರಶ್ನೆ ಇತ್ತು. ಪ್ರತಿ ಸಲದಂತೆ, ವೈನಿ, ಹಂಗಂದ್ರೇನ್ರೀ?

"ಎಷ್ಟ್ ಚಂದ ಅದಾಳಪಾ ಅಂದ್ರಿ," ಎಂದೆ ನಾನು. "ಭಾಳ ಮನಸಿಗೆ ಬಂದಾಗ ಹಂಗ ಅಂತಾರ್ರಿ."

ಹಿರಿಯರೆಲ್ಲ ಗೊಳ್ಳೆಂದು ನಕ್ಕರು. ಹುಡುಗ ಬಾಯಿಬಿಟ್ಟೇ ಹೇಳಿದ ಮೇಲೆ ಇನ್ನೇನು ಕೇಳುವುದು ಎಂದರು. ಅತ್ತೆ ಕಣ್ಣೊರೆಸಿಕೊಂಡರು. ವಿನಯ ತಲೆ ಎತ್ತಿ ಒಂದು ಗಳಿಗೆ ನನ್ನನ್ನು ನೋಡಿದ, ಆಮೇಲೆ ಚಹಾ ಬಟ್ಟಲಿನ ಕಡೆ ನೋಡಿದ. ಅಷ್ಟು ಜನರ ಮುಂದೆ 'ಅದರ ಅರ್ಥ ಹಂಗಲ್ರಿ' ಎನ್ನುವ ಎದೆ ಅವನಿಗಿರಲಿಲ್ಲ. ಅವನ ಹೇಡಿತನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಆ ಹೇಡಿತನಕ್ಕೆ ಕೂರಲು ಮಣೆ ಹಾಕಿಕೊಟ್ಟವಳು ನಾನು.

ಕಸ್ತೂರಿ ತಾಟು ಒಳಗಿಟ್ಟು ಬಂದು, ಅಡುಗೆಮನೆಯ ಬಾಗಿಲ ಮರೆಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಖರೇನೇನ್ರೀ ವೈನಿ? ಮಚ್ಚಿ ನೋಡಿದ ಮ್ಯಾಲೂ ಹಂಗ ಅಂದ್ರಾ?" ಎಂದಳು. ಆಗಲೂ ಹೇಳಬಹುದಿತ್ತು. ಬಾಗಿಲ ಮರೆ, ನಾವಿಬ್ಬರೇ — "ಖರೇನವಾ" ಎಂದೆ.

ಮದುವೆಯಾಯಿತು. ಕೋಣೆ ಖಾಲಿಯಾಯಿತು. ಅವಳ ಕನ್ನಡಿ ಇದ್ದ ಜಾಗದಲ್ಲಿ ಕರಿಹಲಗೆ ಬಂತು.

ಆಮೇಲೆ ಅವಳ ಫೋನುಗಳು. ಅವುಗಳ ವಿಚಾರ ಬರೆಯುವುದು ಕಷ್ಟ. ವಿನಯನಿಗೆ ಆ ಉದ್ಗಾರ ಒಂದು ಚಟವಾಗಿತ್ತಂತೆ. ಚಹಾ ತಣ್ಣಗಾಗಿದ್ದರೆ ಯೈಕ್ಸ್, ಗೋಡೆಯ ಮೇಲೆ ಹಲ್ಲಿ ಬಂದರೆ ಯೈಕ್ಸ್. ಬೆಳಿಗ್ಗೆ ಕಸ್ತೂರಿ ತಲೆ ಎರೆದುಕೊಂಡು ಕೂದಲು ಮೇಲಕ್ಕೆ ಕಟ್ಟಿ ಬಂದರೂ ಅದೇ. ಹಲ್ಲಿಯ ಮಾತು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅವಳು ನನಗೆ ಹೇಳುತ್ತಿದ್ದದ್ದು ತನ್ನ ಮುಖ ನೋಡಿ ಅಂದದ್ದನ್ನು ಮಾತ್ರ.

"ವೈನಿ, ಇವತ್ತ ಮತ್ತ ಅಂದ್ರು," ಎನ್ನುತ್ತಿದ್ದಳು, ದನಿ ತಗ್ಗಿಸಿ, ನಾಚಿಕೊಂಡು. "ನಾ ಈಗ ಜಡಿ ಮುಂದ ಹಾಕ್ಕೊಳ್ಳೋದು ಬಿಟ್ಟೇನ್ರಿ. ತುರುಬು ಕಟ್ಟಾಕತ್ತೇನಿ. ಅವರಿಗೇ ಚಂದ ಕಂಡ ಮ್ಯಾಲ ನಾ ಯಾಕ ಮುಚ್ಕೊಳ್ಳಿ?"

ಇದನ್ನು ಕೇಳಿ ನಾನು ಏನು ಮಾಡಿದೆ ಗೊತ್ತೆ? ಸಮಾಧಾನಪಟ್ಟುಕೊಂಡೆ. ನೋಡು, ನನ್ನ ಒಂದು ಸುಳ್ಳಿನಿಂದ ಈ ಹುಡುಗಿ ಸೆರಗು ಸರಿಸಿ ಓಡಾಡುವಂತಾಯಿತು, ಒಳ್ಳೆಯದೇ ಆಯಿತಲ್ಲ — ಎಂದು. ಇಂಥ ಲಜ್ಜೆಗೇಡಿ ಸಮಾಧಾನ! ಅತ್ತ ಗಂಡ ಅವಳ ಕುತ್ತಿಗೆ ನೋಡಿ ಬೆಚ್ಚುತ್ತಿದ್ದ, ಅವಳು ಅವನಿಗೆ ನಗುಮುಖ ತೋರಿಸುತ್ತಿದ್ದಳು. ದಿನವೂ. ಆ ನಗು ನೋಡಿಯೂ ಅವನು ಸುಮ್ಮನಿದ್ದ. ಫೋನಿನಲ್ಲಿ ಕೇಳಿಯೂ ನಾನು ಸುಮ್ಮನಿದ್ದೆ. "ಭಾಳ ಛಲೋ ಆತವಾ" ಎಂದು ಫೋನಿಟ್ಟು ಟ್ಯೂಶನ್ ಹೇಳಲು ಹೋಗುತ್ತಿದ್ದೆ. ಅವಳದೇ ಕೋಣೆಗೆ.

ಶ್ರುತಿಗೆ ಹೆಣ್ಣು ಹುಟ್ಟಿತು. ತವರುಮನೆಯಲ್ಲಿ, ಹಿರೇಕೆರೂರಿನಲ್ಲೇ, ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟುಕೊಂಡಿದ್ದರು. ನಾವೂ ಹೋಗಿದ್ದೆವು. ಶ್ರುತಿಯ ಗಂಡನ ಕಡೆಯವರು ಹುಬ್ಬಳ್ಳಿಯಿಂದ ಬಂದಿದ್ದರು, ಎಲ್ಲರೂ ಕಲಿತವರು. ಕಸ್ತೂರಿ ತುರುಬು ಕಟ್ಟಿ, ಹೂ ಮುಡಿದು, ಹಸಿರು ಇಳಕಲ್ ಸೀರೆ ಉಟ್ಟು ಮನೆ ತುಂಬ ಓಡಾಡುತ್ತಿದ್ದಳು. ಅವಳನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ಹೆಸರಿಟ್ಟಾದ ಮೇಲೆ ಕೂಸನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಳ್ಳುತ್ತಿದ್ದರು. ಕಸ್ತೂರಿಯ ಕೈಗೆ ಬಂತು. ಅವಳು ಅದರ ಮುಖಕ್ಕೆ ಮುಖ ತಂದು, ಎಲ್ಲರಿಗೂ ಕೇಳುವಂತೆ, ಉಕ್ಕಿದ ಪ್ರೀತಿಯಿಂದ ಅಂದಳು:

"ಯೈಕ್ಸ್! ಯೈಕ್ಸ್ ನನ್ನ ಬಂಗಾರಾ!"

ಶ್ರುತಿ ಧಾವಿಸಿ ಬಂದು ಕೂಸನ್ನು ಕಸಿದುಕೊಂಡಳು.

"ಏನಂದಿ ನನ್ನ ಕೂಸಿಗೆ? ಏನಂದಿ?"

"ಚಂದ ಐತಿ ಅಂದೆ..." ಕಸ್ತೂರಿ ಗಾಬರಿಯಾದಳು. "ನಿಮ್ಮಣ್ಣಾರ ನನಗ ದಿನಾ ಅಂತಾರಲ್ರಿ, ಹಂಗ..."

ಹುಬ್ಬಳ್ಳಿಯಿಂದ ಬಂದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬರು ನಕ್ಕಮೇಲೆ ಇನ್ನೊಬ್ಬರು. ಶ್ರುತಿಗೆ ಸಿಟ್ಟು ನೆತ್ತಿಗೇರಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಇಂಥ ಮಾತು ಬಿದ್ದರೆ ಯಾವ ತಾಯಿ ಸುಮ್ಮನಿರುತ್ತಾಳೆ. "ಹೇಸಿಗಿ ಕಂಡಾಗ ಅನ್ನೋ ಮಾತದು, ಹೇಸಿಗಿ! ಹಂಗಂದ್ರ ಚಂದ ಅಂತ ಯಾರು ಹೇಳ್ಯಾರ ನಿನಗ?" ಎಂದು ಚೀರಿದಳು.

ಹಾಗೆ ಚೀರಿದ ಶ್ರುತಿ ಯಾರು? ಕನ್ಯಾ ನೋಡಲು ಬಂದ ದಿನ ಅಣ್ಣನ ಮೊಣಕಾಲು ಒತ್ತಿದವಳು. ನಾನು ಹೇಳಿದ್ದನ್ನು ಕಿವಿಯಾರೆ ಕೇಳಿ ಸುಮ್ಮನೆ ಕೂತವಳು. ಆದರೆ ಅವಳ ಲೆಕ್ಕ ಅವಳಿಗಿರಲಿ.

ಕಸ್ತೂರಿಯ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಮಚ್ಚೆಯೊಂದೇ ಎದ್ದು ಕಾಣುತ್ತಿತ್ತು. ಅವಳು ಗಂಡನ ಕಡೆ ನೋಡಿದಳು, ಅವನು ಪಂಕ್ತಿಗೆ ಎಲೆ ಹಾಕಿಸುವ ನೆಪದಲ್ಲಿ ಒಳಗೆ ಸರಿದ. ಆಮೇಲೆ ನನ್ನ ಕಡೆ ನೋಡಿದಳು.

"ವೈನಿ, ನೀವ ಹೇಳಿದ್ರೆಲ್ಲಾ?"

ಅಷ್ಟೇ. ಆರೋಪವಲ್ಲ ಅದು. ಮುಳುಗುವವಳು ಕೈ ಚಾಚಿದ ಹಾಗೆ. 'ಹೌದು, ನಾನ ಹೇಳಿದ್ದೆ' ಎಂದಿದ್ದರೆ ನಗೆಯೆಲ್ಲ ನನ್ನ ಮೇಲೆ ಬರುತ್ತಿತ್ತು, ಅವಳು ದಡ್ಡಿಯಲ್ಲ, ನನ್ನನ್ನು ನಂಬಿದವಳು ಎಂದಾಗುತ್ತಿತ್ತು. ನನಗೆ ಕಂಡದ್ದು ಹುಬ್ಬಳ್ಳಿಯವರ ಕಣ್ಣು. ಇಂಗ್ಲಿಷ್ ಕಲಿಸುವ ಅಕ್ಕೋರಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಮಾತು. ಅಥವಾ ಗೊತ್ತಿದ್ದೂ ಹೀಗೆ ಮಾಡಿದಳೇ ಎನ್ನುವ ಮಾತು.

"ನಾ ಯಾವಾಗ ಹಂಗ ಹೇಳೇನಿ?" ಎಂದೆ. "ನೀನ ಏನರ ತಪ್ಪ ತಿಳ್ಕೊಂಡಿರಬೇಕು, ಕಸ್ತೂರಿ."

ಅಂದು ನಾನು ಹೇಳಿದ ಅರ್ಥ ಕೇಳಿ ನಕ್ಕ ಹಿರಿಯರೂ ಅಲ್ಲೇ ಇದ್ದರು; ಇಂಗ್ಲಿಷ್ ಅಕ್ಕೋರ ಮಾತೇ ಖರೆ ಎಂದುಕೊಂಡರು. ಅವಳು ಇನ್ನೊಮ್ಮೆ ಕೇಳಲಿಲ್ಲ. ಜಡೆ ಇರಲಿಲ್ಲ ಮುಂದೆ ಎಳೆದುಕೊಳ್ಳಲು. ಸೆರಗನ್ನೇ ಕಿವಿಯವರೆಗೆ ಎಳೆದುಕೊಂಡಳು, ಒಳಗೆ ಹೋದಳು.

ಆ ಮನೆಯಲ್ಲಿ ಅದು ನಗೆಯ ಸಾಮಾನಾಯಿತು. ಬಂದುಹೋಗುವವರಿಗೆಲ್ಲ ಹೇಳಿ ನಕ್ಕರು. ಕಸ್ತೂರಿ ಕೆಲವು ತಿಂಗಳು ಇದ್ದಳು, ಆಮೇಲೆ ಒಂದು ದಿನ ಬ್ಯಾಗು ಹಿಡಿದು ಹೊರಟುಬಂದಳು — ನಮ್ಮ ಮನೆಗಲ್ಲ. ಸವಣೂರಿನಲ್ಲಿ ಅವಳ ಕಾಲೇಜಿನ ಗೆಳತಿ ಶಬಾನಾ ಇದ್ದಾಳೆ, ಅವರದು ಚಸ್ಮಾ ಅಂಗಡಿ. ಅಲ್ಲಿಗೆ. ಶಬಾನಾಳ ತಾಯಿ ಮಾಳಿಗೆಯ ಮೇಲಿನ ಕೋಣೆ ಬಿಟ್ಟುಕೊಟ್ಟರು. ಅಂಗಡಿಯಲ್ಲಿ ಕೆಲಸವೂ ಸಿಕ್ಕಿತು. ಬಿಡುಗಡೆಯ ಕಾಗದಪತ್ರವೆಲ್ಲ ಮುಗಿಯಿತು, ವಿನಯ ಮತ್ತೆ ಮದುವೆಯಾದ. 'ನಮ್ಮ ಮನೀಗೆ ಯಾಕ ಬರಲಿಲ್ಲ ಅಕಿ' ಎಂದು ಅತ್ತೆ ಅತ್ತರು. ಎಲ್ಲಿಗೆ ಬರಬೇಕಿತ್ತು? ಅವಳ ಕೋಣೆಯಲ್ಲಿ ನನ್ನ ಟ್ಯೂಶನ್ ಮಕ್ಕಳು ಇಂಗ್ಲಿಷ್ ಕಲಿಯುತ್ತಿದ್ದರು.

ವರ್ಷಗಳು ಕಳೆದವು. ಮೊನ್ನೆ ಮೊನ್ನೆ, ಒಂದು ಭಾನುವಾರ, ಊಟಕ್ಕೆ ನನ್ನ ಗಂಡನ ಕಾಕಾನ ಮನೆಯವರು ಬಂದಿದ್ದರು. ಪಲ್ಲವಿಗೆ ಈಗ ಹದಿನಾಲ್ಕು. ಯಾವುದೋ ಮಾತಿಗೆ ಅವಳು, "ಮಮ್ಮಿ, ಕಸ್ತೂರಿ ಅತ್ತಿ ಕೂಸಿಗೆ ಯೈಕ್ಸ್ ಅಂದಿದ್ಲಲ್ಲ, ಆ ಕತಿ ಹೇಳು!" ಎಂದಳು. ನಾನು ಹೇಳದಿದ್ದಾಗ ತಾನೇ ಹೇಳಿದಳು — ಕಸ್ತೂರಿಯ ದನಿ ತೆಗೆದು, ಕೂಸು ಎತ್ತಿಕೊಂಡಂತೆ ಕೈ ಮಾಡಿ. ಎಲ್ಲರೂ ನಕ್ಕರು. ನನ್ನ ಗಂಡ, ಸ್ವಂತ ಅಣ್ಣ, ನಗುತ್ತಾ, "ಪಾಪ, ತಿಳಿಗೇಡಿ ಅದು. ಒಂದ ಮಾತಿನ್ಯಾಗ ಬಾಳೆ ಹಾಳು ಮಾಡ್ಕೊಂತು" ಎಂದರು.

ನನಗೆ ಸಿಟ್ಟು ಬಂತು. ತನ್ನನ್ನು ಎದೆಗೊತ್ತಿಕೊಂಡು ಅಂಗಳದಲ್ಲಿ ತಿರುಗಿದವಳನ್ನು ಈ ಹುಡುಗಿ ಅಣಕಿಸುತ್ತಿದ್ದಾಳೆ. ಬಾಳು ಅವಳೇ ಹಾಳು ಮಾಡಿಕೊಂಡಳಂತೆ! ಯಾರ ಮೇಲೆ ಕೂಗಬೇಕು? ಪಲ್ಲವಿಗೆ ಈ ಕತೆ ಎಲ್ಲಿಂದ ಬಂತು? ನಗುವವರ ನಡುವೆ ನಾನು ಮುಗುಳ್ನಗುತ್ತಾ ಕೂತ ಎಷ್ಟು ಸಂಜೆಗಳಿಂದ ಬಂತು?

"ನಾನ ಹೇಳಿದ್ದೆ ಅಕಿಗೆ," ಎಂದೆ. ಮೊದಲು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಹಂಗಂದ್ರ ಚಂದ ಅಂತ ನಾನ ಹೇಳಿದ್ದು. ಗೊತ್ತಿದ್ದು ಗೊತ್ತಿದ್ದು ಹೇಳಿದ್ದು. ಹಿರೇಕೆರೂರಾಗ ಎಲ್ಲಾರ ಮುಂದ ಹೇಳಿಲ್ಲ ಅಂತ ಅಂದೆ. ತಿಳಿಗೇಡಿ ಅಕಿ ಅಲ್ಲ."

ಕನ್ಯಾ ನೋಡುವ ದಿನ ನಾನು ಅಂದದ್ದನ್ನು ಕೇಳಿದವರೇ ಅವರೆಲ್ಲ — ಗಂಡ, ಅತ್ತೆ, ಕಾಕಾ. ಯಾರಿಗೂ ನೆನಪೇ ಇರಲಿಲ್ಲ. ಅಥವಾ ನೆನಪಿಟ್ಟುಕೊಳ್ಳುವ ಗರಜು ಯಾರಿಗೂ ಇರಲಿಲ್ಲ. ಆಮೇಲೆ ನನ್ನ ಗಂಡ, "ಹೋಗ್ಲಿ ಬಿಡು. ಅಕಿ ಒಳ್ಳೇದಕ್ಕಂತ ಹೇಳಿದ್ದಿ. ಆಗಿಹೋದ ಮಾತು" ಎಂದರು. ಅತ್ತೆಯೂ ತಲೆಯಾಡಿಸಿದರು. ಕಾಕಾ ಮೊಸರು ಕೇಳಿದರು.

ಎಷ್ಟು ಸಲೀಸಾಗಿ ಕ್ಷಮಿಸಿದರು! ಉಸಿರು ಬಿಟ್ಟಷ್ಟು ಸಲೀಸು. ಕ್ಷಮಿಸಲು ಇವರು ಯಾರು? ಗಾಯ ಯಾರಿಗೋ, ಕ್ಷಮೆ ಯಾರದೋ. ನನಗೆ ಆ ಕ್ಷಮೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಪಲ್ಲವಿ ಮಾತ್ರ ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಕಸ್ತೂರಿ ಅತ್ತಿಗೆ ಹೇಳಿದಿಯೇನು?" ಎಂದಳು.

ಇಲ್ಲ ಎಂದೆ.

"ಮತ್ತ ನಮಗ್ಯಾಕ ಹೇಳಾಕತ್ತಿ?"

ಮರುದಿನ ರಜೆ ಹಾಕಿ ಸವಣೂರಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಕಸ್ತೂರಿ ಒಬ್ಬ ಅಜ್ಜನನ್ನು ಕನ್ನಡಿಯ ಮುಂದೆ ಕೂರಿಸಿ ಫ್ರೇಮು ಹಾಕಿ ನೋಡುತ್ತಿದ್ದಳು. "ಇದು ನಿಮಗ ಒಪ್ಪಂಗಿಲ್ಲ ಬಿಡ್ರಿ, ಮಾರಿ ಸಣ್ಣದಾಗಿ ಕಾಣ್ತೈತಿ. ಇದನ್ನ ಹಾಕ್ಕೋರಿ," ಎನ್ನುತ್ತಿದ್ದಳು. ಕೂದಲು ಹಿಂದಕ್ಕೆ ಕಟ್ಟಿದ್ದಳು. ಮಚ್ಚೆ ಕಾಣುತ್ತಿತ್ತು, ಅವಳಿಗೆ ಅದರ ಪರಿವೆ ಇದ್ದಂತಿರಲಿಲ್ಲ. ನನ್ನನ್ನು ಕಂಡು, "ಬರ್ರಿ ವೈನಿ, ಕುಂತ್ಕೊರ್ರಿ" ಎಂದಳು, ಗಿರಾಕಿಗೆ ಹೇಳಿದ ಹಾಗೆ. ಅಜ್ಜ ಹೋದ ಮೇಲೆ ಶಬಾನಾ ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದಳು.

ನಾನು ಎಲ್ಲವನ್ನೂ ಹೇಳಿದೆ. ಕೋಣೆಯ ವಿಷಯವನ್ನೂ. ಹೇಳುತ್ತಾ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಅಜ್ಜ ಬಿಟ್ಟುಹೋದ ಫ್ರೇಮುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ನಾನು ಮುಗಿಸಿದಾಗ ಅವಳ ಕೈ ನಿಂತಿತು.

"ನನ್ನ ತಲಿ ಸರಿ ಇಲ್ಲ ಅಂತ ತಿಳ್ಕೊಂಡಿದ್ದೆ ನಾನು," ಎಂದಳು. "ನೀವು ಹಂಗ ಹೇಳೇ ಇಲ್ಲೇನೋ, ನಾನ ಎಲ್ಲಾ ಕಟ್ಕೊಂಡೇನೇನೋ ಅಂತ. ಇಷ್ಟ ವರ್ಷ. ಅಡಿಗಿಮನಿ ಬಾಗಿಲದಾಗ ನಿಮ್ಮ ಕೈ ಹಿಡ್ಕೊಂಡಿದ್ದೆಲ್ರಿ, ಅದೂ ಸುಳ್ಳೇನೋ ಅಂತ. ಆ ಮನ್ಯಾಗಿನ ಮಂದಿ ನಕ್ಕಿದ್ದು ನಾ ಮರತೇನಿ, ವೈನಿ. ಇದನ್ನ ಹೆಂಗ ಮರೀಲಿ?"

ಆ ಮಾತಿನ ಅರ್ಥ ಮೊಬೈಲಿನಲ್ಲಿ ನೋಡಬಹುದಿತ್ತಲ್ಲ — ಈ ಮಾತು ನನ್ನ ಬಾಯಿಗೇಕೆ ಬಂತೋ, ನಾಲಿಗೆ ಕಿತ್ತು ಬೀಳಬಾರದಿತ್ತೇ. ಅವಳು ಎದ್ದು ನಿಂತಳು.

"ನೀವು ಹೇಳಿದ ಮ್ಯಾಲ ಮೊಬೈಲ್ ಯಾಕ ನೋಡ್ಲಿ?" ದನಿ ಏರಿತು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. "ನೀವು ಹೇಳಿದ್ರಿ ಅಂತ್ರೀ! ನೀವು!"

ಕಸ್ತೂರಿ ಕೂಗಿದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ಕೇಳಿದೆ. ಕೂಗಲಿ ಎನಿಸಿತು. ಇನ್ನೂ ಕೂಗಲಿ. ಆದರೆ ಅವಳು ಬೇಗ ಸುಮ್ಮನಾದಳು. ನಾನು ಕೈ ಮುಗಿದು, ಕ್ಷಮಿಸು ಎನ್ನಹೊರಟೆ.

"ಅದನ್ನ ಕೇಳಬ್ಯಾಡ್ರಿ," ಎಂದಳು. "ಕೊಡಾಕ ನನ್ನ ಹತ್ರ ಇಲ್ಲ. ಹಿರೇಕೆರೂರಿಗೆ ಹೋಗ್ರಿ. ಎಲ್ಲಿ 'ಹೇಳಿಲ್ಲ' ಅಂದ್ರೆಲ್ಲ, ಅಲ್ಲೇ ಹೋಗಿ 'ಹೇಳೇನಿ' ಅನ್ರಿ. ಅಂದು ಬಂದ ಮ್ಯಾಲ ನನಗ ಫೋನ್ ಮಾಡಿ ಹೇಳಬ್ಯಾಡ್ರಿ ಮತ್ತ. ನನಗ ಉಪಕಾರ ಮಾಡಿದಂಗ ಆಗಬಾರದು."

ಚಹಾ ಬಂತು. ಕುಡಿಯದೇ ಎದ್ದುಬಂದೆ. ಅವಳು ತಡೆಯಲಿಲ್ಲ.

ಹಿರೇಕೆರೂರಿಗೆ ಹೋದೆ. ವಿನಯನ ತಂದೆಗೆ ಈಗ ಕಿವಿ ಮಂದ. ಎರಡೆರಡು ಸಲ, ಗಟ್ಟಿಯಾಗಿ ಹೇಳಬೇಕಾಯಿತು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಒಳ್ಳೆಯದೇ. ವಿನಯ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ, ಅವನ ಈಗಿನ ಹೆಂಡತಿ ಅವನ ಮುಖ ನೋಡುತ್ತಿದ್ದಳು. "ಈಗ ಯಾಕ್ರಿ ಇದೆಲ್ಲಾ? ಅಕಿನೂ ಖುಷಿಲೇ ಇದ್ಲು ಆವಾಗ, ಹೇಳಿ ಏನ್ ಮಾಡೋದು ಅಂತ ನಾ ಸುಮ್ನಿದ್ದೆ," ಎಂದ. ನನ್ನದೇ ಮಾತು. ನಾನು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡ ಮಾತು, ಅಕ್ಷರ ತಪ್ಪದೆ ಅವನ ಬಾಯಲ್ಲಿ. "ಖುಷಿ ಇರಲಿಲ್ರಿ ಅದು. ನಾವಿಬ್ರು ಕೂಡಿ ಅಕಿನ್ನ ನಗಿಸಿದ್ದು," ಎಂದೆ. ಆ ಮುದುಕರು, "ನಾನ ಕೇಳಿದ್ನೆಲ್ರಿ ಅಕ್ಕೋರ, ನಿಮ್ಮನ್ನ ನಂಬಿ," ಎಂದರು. ಶ್ರುತಿ ಗಂಡನ ಮನೆಯಲ್ಲಿದ್ದಾಳೆ. ಅವಳಿಗೆ ಫೋನಿನಲ್ಲಿ ಹೇಳಿದೆ. ಕೇಳಿಸಿಕೊಂಡು ಫೋನಿಟ್ಟುಬಿಟ್ಟಳು.

ಕಸ್ತೂರಿಗೆ ನಾನು ಫೋನು ಮಾಡಿಲ್ಲ. ಮಾಡುವುದೂ ಇಲ್ಲ.

ಬರುವ ತಿಂಗಳು ಕಾಕಾನ ಮನೆಯ ಮದುವೆಯಿದೆ. ಶಿಗ್ಗಾಂವಿಯಲ್ಲಿ, ನನ್ನ ತವರೂರಿನಲ್ಲೇ, ಬೀಗರ ಕಡೆಯ ಮಂಟಪದಲ್ಲಿ. ಈ ಸಲ ಕಸ್ತೂರಿಗೂ ಪತ್ರಿಕೆ ಹೋಗಿದೆ. ಬರುತ್ತೇನೆ ಎಂದಿದ್ದಾಳಂತೆ, ಶಬಾನಾಳನ್ನು ಕರೆದುಕೊಂಡು. ಹಿರೇಕೆರೂರಿನವರು ಬೀಗರಿಗೆ ಬಳಗ, ಅವರೂ ಬರುತ್ತಾರೆ, ನಮ್ಮ ಕುಲಬಾಂಧವರೆಲ್ಲ ಬರುತ್ತಾರೆ. ಅವಳು ಒಳಗೆ ಕಾಲಿಟ್ಟೊಡನೆ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬರು ಪಕ್ಕದವರ ತೋಳು ತಿವಿದು ಆ ಶಬ್ದ ಪಿಸುಗುಟ್ಟುತ್ತಾರೆ — ನನಗೆ ನಮ್ಮ ಮಂದಿ ಗೊತ್ತು.

ಮನೆಯಲ್ಲಿ ಆಗಲೇ ಮಾತು ಶುರುವಾಗಿದೆ. ಅಲ್ಲಿ ಏನೂ ಆಡಬೇಡ, ಮನೆಯ ಮರ್ಯಾದೆ ಎನ್ನುತ್ತಾರೆ ನನ್ನ ಗಂಡ. ಯಾರ ಮರ್ಯಾದೆ? ಇಷ್ಟು ವರ್ಷ ಅವಳ ಮರ್ಯಾದೆಯನ್ನು ಊಟದ ಜೊತೆಗೆ ಉಪ್ಪಿನಕಾಯಿಯಂತೆ ನಂಜಿಕೊಂಡಾಗ ಈ ಮನೆ ಎಲ್ಲಿ ಹೋಗಿತ್ತು? ನಾನು ಅವರಿಗೆ ಹೇಳಿಬಿಟ್ಟಿದ್ದೇನೆ. ಅವಳು ಬರುವ ಮೊದಲೇ ನಾನು ಆ ಮಂಟಪಕ್ಕೆ ಹೋಗುತ್ತೇನೆ. ಹೆಂಗಸರು ಕೂತಲ್ಲಿ ಕೂತು, ಒಬ್ಬೊಬ್ಬರಿಗೂ ಹೇಳುತ್ತೇನೆ — ಆ ದಿನ ಅವನು ಏನಂದ, ನಾನು ಏನು ಅರ್ಥ ಹೇಳಿದೆ, ಯಾಕೆ ಹೇಳಿದೆ. ನಗುವವರು ನನ್ನನ್ನು ನೋಡಿ ನಗಲಿ. ಪಲ್ಲವಿ ತಾನೂ ಜೊತೆಗೆ ಬರುತ್ತೇನೆ ಎಂದಿದ್ದಾಳೆ. ಬೇಡ ಎಂದಿಲ್ಲ.

ಕಸ್ತೂರಿ ನನ್ನ ಜೊತೆ ಮಾತಾಡಲಿಕ್ಕಿಲ್ಲ. ಬಂದು ಅಕ್ಷತೆ ಹಾಕಿ, ಉಂಡು, ಶಬಾನಾಳ ಜೊತೆ ಸವಣೂರಿನ ಬಸ್ಸಿಗೆ ಹೋಗಲಿ. ಬಂದು ಹೋಗುವವರೆಗೆ ಒಬ್ಬರೂ ಅವಳನ್ನು ನೋಡಿ ಕಿಸಕ್ಕೆನ್ನದಿದ್ದರೆ, ಅಷ್ಟು ಸಾಕು.